ಕಾವಲು ಗಂಟು

ಫೆಬ್ರವರಿ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಶಾಲೆಯ ಮೈದಾನದಲ್ಲಿ ಹಾಜರಿದ್ದವರು ನಾಲ್ಕು ಜನ: ನಾನು, ಹೆಗಡೆಕಟ್ಟಾ ಕಡೆಯ ಕೊನೆಗೌಡ, ಎಕ್ಕಂಬಿಯಿಂದ ಬೈಕಿನಲ್ಲಿ ಬಂದ ಗಣಿತದ ಮೇಷ್ಟ್ರು ಮತ್ತು ನನ್ನ ನಾದಿನಿ. ಆರಕ್ಕೆ ಸರಿಯಾಗಿ ಸೇರಬೇಕೆಂದು ಹೇಳಿದ್ದೆ. ಹತ್ತು ನಿಮಿಷ ತಡವಾದದ್ದು ನಾದಿನಿಯಿಂದ. ಅವಳಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ನನ್ನ ರಕ್ತದೊತ್ತಡದ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ನನ್ನನ್ನು ಕಾಯಲು ಬಂದಿದ್ದಳು.

ಮಧ್ಯಾಹ್ನ ಮೂರಕ್ಕೆ ಶಾಲೆಯಲ್ಲಿ ಆಲೆಮನೆ ಹಬ್ಬವಿತ್ತು. ಕಬ್ಬಿನ ಗಾಣ ತಂದು ನಿಲ್ಲಿಸಿ, ಬಂದವರಿಗೆಲ್ಲ ಸಾಕೆನ್ನುವಷ್ಟು ಕಬ್ಬಿನ ಹಾಲು ಕುಡಿಸುವ ಕೂಟ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಗೆ ಹಂಚಿಹೋದ ಹಳೆಯ ವಿದ್ಯಾರ್ಥಿಗಳು ಆ ದಿನ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಮಕ್ಕಳಿಗೆಂದು ಮೈದಾನದ ಅಂಚಿನಲ್ಲಿ ಆಟದ ಅಂಗಡಿಗಳು ಏಳುತ್ತವೆ. ಚೆಂಡೆಸೆದು ಡಬ್ಬಿ ಉರುಳಿಸುವುದು, ಸೋಪಿನ ಪೆಟ್ಟಿಗೆಗೆ ಬಳೆ ಎಸೆಯುವುದು, ಇಂಥವೇ. ಜನವರಿಯ ಸಭೆಯಲ್ಲಿ ಯಾರೋ, "ಟೀಚರ್, ಈ ಸಲ ನಿಮ್ಮದೊಂದು ಹೊಸ ಆಟ ಇರಲಿ" ಎಂದರು. ನಾನು ಈ ಶಾಲೆಯಲ್ಲಿ ಮೂವತ್ತಮೂರು ವರ್ಷ ದೈಹಿಕ ಶಿಕ್ಷಣ ಕಲಿಸಿದವಳು. ನಿವೃತ್ತಳಾಗಿ ಹನ್ನೊಂದು ವರ್ಷವಾದ ಮೇಲೂ ಕೇಳುತ್ತಾರಲ್ಲ ಎಂಬ ಹೆಮ್ಮೆಯಲ್ಲಿ, ಹಿಂದೆಮುಂದೆ ನೋಡದೆ, "ಕೊನೆ ಹಿಡಿಯುವ ಆಟ ಕಟ್ಟುತ್ತೇನೆ" ಎಂದುಬಿಟ್ಟೆ. ಮನೆಗೆ ಬರುವಷ್ಟರಲ್ಲಿ ಹೆದರಿಕೆ ಶುರುವಾಗಿತ್ತು.

ಅಡಿಕೆ ಕೊಯ್ಲು ನೋಡಿದವರಿಗೆ ಈ ಆಟ ವಿವರಿಸಬೇಕಿಲ್ಲ. ನೋಡದವರಿಗಾಗಿ ಹೇಳುತ್ತೇನೆ. ಅಡಿಕೆಯ ಗೊನೆಗೆ ನಮ್ಮಲ್ಲಿ ಕೊನೆ ಎನ್ನುತ್ತಾರೆ. ಮರವೇರಿ ಅದನ್ನು ಕೊಯ್ಯುವವನೇ ಕೊನೆಗೌಡ. ಅವನು ಕೊಯ್ದ ಕೊನೆಯನ್ನು ನೆಲಕ್ಕೆ ಬೀಳಿಸುವುದಿಲ್ಲ, ಇಳಿಜಾರು ಕಟ್ಟಿದ ಹಗ್ಗದ ಮೇಲೆ ಜಾರಿಬಿಡುತ್ತಾನೆ. ಹಗ್ಗದ ಕೆಳತುದಿ ಹಿಡಿದು ನಿಂತವನು ಅದನ್ನು ಮಡಿಲಿನ ಗೋಣಿಯಲ್ಲಿ ಹಿಡಿಯುತ್ತಾನೆ. ಹಗ್ಗ ಬಿಗಿಯಾದರೆ ಕೊನೆ ಗುಂಡಿನ ಹಾಗೆ ಬಂದು ಎದೆಗೆ ಬಡಿಯುತ್ತದೆ. ಸಡಿಲವಾದರೆ ನಡುವೆಯೇ ತೂಗಾಡುತ್ತ ನಿಲ್ಲುತ್ತದೆ. ಕೊನೆ ಹತ್ತಿರ ಬರುತ್ತಿದ್ದಂತೆ ಹಗ್ಗವನ್ನು ಒಂದು ಗೇಣು ಬಿಟ್ಟುಕೊಡುವುದರಲ್ಲಿ ಜಾಣತನವಿದೆ. ನಮ್ಮ ಆಟದಲ್ಲಿ ಮರದ ಬದಲು ನೆಲದಿಂದ ಹದಿನಾರು ಅಡಿ ಏಳುವ ಅಡಿಕೆ ಕಂಬ. ಕೊನೆಯ ಬದಲು ತೆಂಗಿನ ನಾರು ತುಂಬಿ, ಭಾರಕ್ಕೆ ಮರಳು ಸೇರಿಸಿ, ಕಬ್ಬಿಣದ ಕೊಕ್ಕೆ ಹಾಕಿದ ಮೂರು ಕಿಲೋದ ಗೋಣಿ ಗಂಟು.

ಆ ಮೂರು ಕಿಲೋ ನನ್ನ ಕಣ್ಣಿಗೆ ಕಟ್ಟಿತ್ತು. ಹದಿನಾರು ಅಡಿಯಿಂದ ಅದು ಮಗುವೊಂದರ ತಲೆಯ ಮೇಲೆ ಬಿದ್ದರೆ?

ಇಂಥ ಹೆದರಿಕೆ ನನಗೆ ಸುಮ್ಮನೆ ಬಂದದ್ದಲ್ಲ. ಬಹಳ ವರ್ಷಗಳ ಹಿಂದೆ, ಇದೇ ಮೈದಾನದಲ್ಲಿ, ವಾಲಿಬಾಲ್ ಕಂಬ ಬುಡ ಸಡಿಲವಾಗಿ ಎಂಟನೇ ತರಗತಿಯ ಹುಡುಗಿಯೊಬ್ಬಳ ಮೇಲೆ ಬಿತ್ತು. ಕೊರಳೆಲುಬು ಮುರಿಯಿತು. ಯಾರೂ ನನ್ನನ್ನು ದೂರಲಿಲ್ಲ. ದೂರುವುದಕ್ಕೆ ದಾಖಲೆಯೇ ಇರಲಿಲ್ಲ. ನನ್ನ ಪುಸ್ತಕದಲ್ಲಿ ಆ ದಿನದ "ಕಂಬಗಳ ಪರಿಶೀಲನೆ"ಯ ಎದುರು ಟಿಕ್ ಗುರುತು ಇತ್ತು. ನಿಜವೇನೆಂದರೆ, ಆ ವಾರದ ಆರೂ ಟಿಕ್‌ಗಳನ್ನು ನಾನು ಸೋಮವಾರವೇ ಹಾಕಿಟ್ಟಿದ್ದೆ. ಇನ್ಸ್‌ಪೆಕ್ಟರು ಬರುವ ಕಾಲಕ್ಕೆ ಪುಸ್ತಕ ಖಾಲಿ ಇರಬಾರದೆಂದು ನಾವೆಲ್ಲ ಹಾಗೆ ಮಾಡುತ್ತಿದ್ದೆವು. ಪಾಠದ ಟಿಪ್ಪಣಿ ಮೊದಲು, ಪಾಠ ಆಮೇಲೆ. ಆ ಹುಡುಗಿ ಈಗ ಯಲ್ಲಾಪುರದಲ್ಲಿ ಸಂಸಾರಸ್ಥೆ. ಸಿಕ್ಕಾಗಲೆಲ್ಲ ನಗುತ್ತ, "ಚಳಿಗಾಲ ಬಂತಂದ್ರೆ ಭುಜ ನಿಮ್ಮನ್ನ ನೆನಪು ಮಾಡ್ತದೆ ಟೀಚರ್" ಎನ್ನುತ್ತಾಳೆ. ಅವಳ ನಗುವಿನಲ್ಲಿ ಕೊಂಕಿಲ್ಲ. ಆದರೂ ಸಂತೆಯಲ್ಲಿ ದೂರದಿಂದ ಅವಳನ್ನು ಕಂಡರೆ ನಾನು ಬೇರೆ ದಾರಿ ಹಿಡಿಯುತ್ತೇನೆ.

ಆದ್ದರಿಂದ ಈ ಸಲ ಹತ್ತೊಂಬತ್ತು ಕೆಲಸಗಳ ಪಟ್ಟಿ ಮಾಡಿದ್ದೆ. ಮುಗಿದದ್ದಕ್ಕೆ ಮಾತ್ರ ಟಿಕ್ ಎಂದು ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದ್ದೆ.

ಆರೂಕಾಲಕ್ಕೆ ಕೆಲಸ ಹಿಡಿದೆವು. ಮೂರು ಅಡಿ ಗುಂಡಿ ತೆಗೆದು ಕಂಬ ನಿಲ್ಲಿಸಿ, ಸುತ್ತ ಕಲ್ಲು ಜಡಿದು ಮಣ್ಣು ಬಡಿದೆವು. ಮೂರು ದಿಕ್ಕಿಗೆ ತಂತಿ ಎಳೆದು ಗೂಟಕ್ಕೆ ಕಟ್ಟಿದೆವು. ಅಡಿಕೆ ಮರ ಸೀಳಿದ ದಬ್ಬೆಗಳಿಂದ ಮುಂದಿನ ಕಟ್ಟೆಯನ್ನೂ ಬೇಲಿಯನ್ನೂ ಮಾಡಿದ್ದು ಮೇಷ್ಟ್ರು. ಹಗ್ಗದ ಅಡಿಗೆ ಯಾರೂ ಬರಬಾರದೆಂದು ಎರಡೂ ಬದಿಗೆ ಸುಣ್ಣದ ಗೆರೆ ಎಳೆದೆ. ಕಂಬ ಗಾಳಿಗೆ ಒಮ್ಮೆ ಕಿರ್ ಎಂದಿತು. ನಾನು ಹಿಂದಕ್ಕೆ ಹಾರಿದೆ.

"ಎಂತ ಅತ್ತಿಗೆ, ಮುಖ ಸುಣ್ಣಕ್ಕಿಂತ ಬೆಳ್ಳಗೆ ಆಯ್ದಲೆ!" ನಾದಿನಿ ಕುರ್ಚಿಯಲ್ಲಿ ಕುಳಿತೇ ಕೂಗಿದಳು. "ಆನು ಒಂದು ಮಾತ್ರೆ ಕೊಡ್ತೆ, ತಗ."

"ಮಾತ್ರೆ ಬ್ಯಾಡ. ನೀ ಗೆರೆ ದಾಟಿ ಕೂತಿದ್ದೆ, ಮೊದಲು ಕುರ್ಚಿ ಹಿಂದೆ ತಗ" ಎಂದೆ.

ಕೊನೆಗೌಡನಿಗೂ ನನಗೂ ಒಂದೇ ವಯಸ್ಸು, ಎಪ್ಪತ್ತೊಂದು. ಎರಡು ವರ್ಷದ ಹಿಂದೆ ಸೊಸೆ ಮರ ಹತ್ತುವುದನ್ನು ಬಿಡಿಸಿದ್ದಳು. ಶಾಲೆಯ ಏಣಿಯನ್ನು ಕಂಬಕ್ಕೆ ಒರಗಿಸಿ ಕಟ್ಟಿದ್ದೇ ತಡ, ಅವನು ಏಣಿ ಮುಟ್ಟಿ ಹಣೆಗೆ ಒತ್ತಿಕೊಂಡು ಸರಸರ ಏರಿದ. ಮೇಲೆ ಹೋಗಿ ನಿಂತವನ ಮುಖದಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು. ಕಂಬದ ತುದಿಯ ಕಬ್ಬಿಣದ ಬಳೆಗೆ ಹಗ್ಗ ಕಟ್ಟಿದ.

ಅವನ ಗಂಟಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ಅವನು ಒಂದು ಮರದಿಂದ ಇನ್ನೊಂದಕ್ಕೆ ಮೇಲಿನಿಂದಲೇ ಜೋಲಿ ಹೊಡೆದು ಹೋಗುತ್ತಿದ್ದವನು. ಗಂಟು ಬಿಚ್ಚಲೆಂದು ಹಿಂದೆ ಬರುವವನಲ್ಲ. ಅದಕ್ಕಾಗಿ ತನ್ನದೇ ಒಂದು ಗಂಟು ಮಾಡಿಕೊಂಡಿದ್ದ. ಎಷ್ಟು ಭಾರ ಹಾಕಿ ಎಳೆದರೂ ಅದು ಬಿಗಿಯುತ್ತ ಹೋಗುತ್ತದೆ. ಆದರೆ ಕೆಳಗಿನವನು ಹಗ್ಗವನ್ನು ಸಡಿಲ ಬಿಟ್ಟು ಮತ್ತೆ ಮತ್ತೆ ಝಾಡಿಸಿದರೆ ಸುರುಳಿ ಒಂದೊಂದೇ ಬಿಟ್ಟುಕೊಂಡು ಹಗ್ಗ ತಾನೇ ಕೆಳಗೆ ಬರುತ್ತದೆ. ತೋಟದಲ್ಲಿ ಒಳ್ಳೆಯ ಉಪಾಯ. ಆಟದ ಅಂಗಡಿಯಲ್ಲಿ ಅದನ್ನು ನೆನೆದರೆ ನನಗೆ ಮೈ ಜುಂ ಎನ್ನುತ್ತಿತ್ತು.

"ಬೇರೆ ಗಂಟು ಹಾಕು" ಎಂದಿದ್ದೆ.

"ಬ್ಯಾರೆ ಗಂಟು ಕೈಗೆ ಬರೂದಿಲ್ರ ಅಕ್ಕೋರೆ. ಐವತ್ತು ವರ್ಷ ಇದೇ ಹಾಕಿದ ಕೈ. ಹೊಸದು ಹಾಕಿದ್ರೆ ಅದೇ ಬಿಚ್ಕಂಡ್ ಹೋಪುದು."

ಕಡೆಗೆ ಒಪ್ಪಂದವಾಯಿತು. ಅವನ ಗಂಟು ಹಾಗೇ ಇರಲಿ, ಉಳಿದ ತುದಿಯನ್ನು ಬಳೆಗೆ ಎರಡು ಸುತ್ತು ಸುತ್ತಿ ತಂತಿಯಿಂದ ಬಿಗಿಯಬೇಕು. ಅದಕ್ಕೆ ನಾನು ಕಾವಲು ಗಂಟು ಎಂದು ಹೆಸರಿಟ್ಟೆ. ಪಟ್ಟಿಯಲ್ಲಿ ಅದು, ಪ್ರಯೋಗ ಮುಗಿದ ಮೇಲೆ ಮಾಡಬೇಕಾದ ಹದಿನಾಲ್ಕನೇ ಕೆಲಸ. ಗಂಟು ಕಂಬದ ಆಚೆ ಬದಿಗೆ ಬರುತ್ತಿದ್ದುದರಿಂದ ಕೆಳಗಿನಿಂದ ಕಾಣುತ್ತಿರಲಿಲ್ಲ. ಹಗ್ಗ ಜಾರಿದರೆ ಗೊತ್ತಾಗಲಿ ಎಂದು, ಬಳೆಗೆ ತಾಗುವಂತೆ ಹಗ್ಗಕ್ಕೆ ಒಂದು ಕೆಂಪು ರಿಬ್ಬನ್ ಕಟ್ಟಿಸಿದೆ.

ಹನ್ನೊಂದು ಗಂಟೆಗೆ ಪ್ರಯೋಗ. ಮೇಷ್ಟ್ರು ಗೋಣಿ ಗಂಟನ್ನು ದೋಟಿಯ, ಅಂದರೆ ಉದ್ದನೆಯ ಬಿದಿರು ಗಳುವಿನ, ತುದಿಗೆ ಸಿಕ್ಕಿಸಿ ಮೇಲಕ್ಕೆ ಎತ್ತಿಕೊಟ್ಟರು. ಕೊನೆಗೌಡ ಅದನ್ನು ಹಗ್ಗಕ್ಕೆ ತೊಡಿಸಿ, "ಹೋ!" ಎಂದು ಬಿಟ್ಟ. ಜರ್ರನೆ ಬಂತು. ಮೇಷ್ಟ್ರೇ ಹಿಡಿದರು, ಹಿಡಿದು ಎರಡು ಹೆಜ್ಜೆ ಹಿಂದೆ ಹೋಗಿ ಕುಳಿತುಬಿಟ್ಟರು.

"ಏನ್ರಿ ಟೀಚರ, ಇದು ಆಟ ಅಲ್ರಿ, ಗುದ್ದಾಟ!"

ಎಲ್ಲರೂ ನಕ್ಕರು. ಹಗ್ಗ ಹೊಸದು, ಹತ್ತು ಪ್ರಯೋಗಕ್ಕೆ ಒಂದು ಮೊಳ ಹಿಗ್ಗಿತು. ಮತ್ತೆ ಬಿಗಿಯಬೇಕಾಯಿತು. ಕೊನೆಗೌಡ ಗಂಟು ಬಿಚ್ಚಿ, ಎಳೆದು, ಹೊಸದಾಗಿ ಕಟ್ಟಿದ. ರಿಬ್ಬನ್ನನ್ನೂ ಬಳೆಯ ಬುಡಕ್ಕೆ ಸರಿಸಿದ. ನಾನು ಕೆಳಗಿನಿಂದ, "ಈಗ ಕಾವಲು ಗಂಟು" ಎಂದೆ. ಅವನು, "ಹ್ಞಾ" ಎಂದ. ಅಷ್ಟರಲ್ಲಿ ಗಾಣದವರು ಮೊದಲ ಕೊಡ ಕಬ್ಬಿನ ಹಾಲು ಬಂತೆಂದು ಕರೆದರು. ಕುಡಿದೆವು. ಆಮೇಲೆ ಊಟ. ಇಷ್ಟು ನನಗೆ ಚೆನ್ನಾಗಿ ನೆನಪಿದೆ.

ಮೂರಕ್ಕೆ ಜನ ಬಂದರು. ಮೇಷ್ಟ್ರಿಗೆ ಮೈಕು ಬೇಕಾಗಲಿಲ್ಲ. "ಬರ್ರಿ, ಬರ್ರಿ! ಕೊನಿ ಹಿಡೀರಿ! ಮನ್ಯಾಗ ಹೆಂಡ್ತಿ ಸಿಟ್ಟು ಹಿಡಿದವರು ಇದನ್ನೂ ಹಿಡೀತೀರಿ, ಬರ್ರಿ!" ಡಬ್ಬಿ ಉರುಳಿಸುವ ಅಂಗಡಿ ಖಾಲಿಯಾಗಿ, ನಮ್ಮ ಬೇಲಿಯ ಮುಂದೆ ಸಾಲು ಗಾಣದವರೆಗೆ ಬೆಳೆಯಿತು. ತೋಟದವರು ಸೋತರು, ಪೇಟೆಯವರು ಗೆದ್ದರು. ಸಿದ್ದಾಪುರದಲ್ಲಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊನೆಯನ್ನು ಮಡಿಲಲ್ಲಿ ಹಿಡಿದು ಎಳೆಗೂಸಿನಂತೆ ತೂಗಿ ತೋರಿಸಿದ. ಸಣ್ಣ ಹುಡುಗಿಯರು ತಲೆಯ ಮೇಲಿನಿಂದ ಕೊನೆ ಹಾದುಹೋಗುವುದನ್ನು ನೋಡಲೆಂದು ಸುಣ್ಣದ ಗೆರೆ ದಾಟಿ ಹಗ್ಗದ ಅಡಿಗೇ ನುಗ್ಗುತ್ತಿದ್ದರು. ಹಿಂದೆ ಸರಿಸಿದರೆ ಮತ್ತೆ ಬರುತ್ತಿದ್ದರು. ಗೆದ್ದವರು ಏನು ಮಾಡುತ್ತಾರೆಂಬುದನ್ನು ಮಾತ್ರ ನನ್ನ ಪಟ್ಟಿ ಯೋಚಿಸಿರಲಿಲ್ಲ. ಗೆದ್ದವರೆಲ್ಲ ಖುಷಿಯಲ್ಲಿ ಹಗ್ಗವನ್ನು ಹಿಡಿದು ಝಾಡಿಸುತ್ತಿದ್ದರು.

ನಾಲ್ಕೂ ಇಪ್ಪತ್ತಕ್ಕೆ ನಾದಿನಿಯ ಸರದಿ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. ಕೊನೆ ಜಾರಿ ಬಂತು, ಬಾಚಿ ಹಿಡಿದಳು. "ಎಂತ ಅತ್ತಿಗೆ, ನೋಡಿದ್ಯಾ!" ಎನ್ನುತ್ತ ಹಗ್ಗವನ್ನು ಮೂರು ಸಲ ಝಾಡಿಸಿ ಕುಣಿದಳು. ನಾನು ಅವಳನ್ನು ನೋಡಲಿಲ್ಲ, ಮೇಲೆ ನೋಡಿದೆ. ರಿಬ್ಬನ್ನಿಗೂ ಬಳೆಗೂ ನಡುವೆ ಒಂದು ಗೇಣು ಆಕಾಶ ಕಾಣುತ್ತಿತ್ತು.

ಹಗ್ಗ ಹಿಗ್ಗಿರಬಹುದು ಎಂದುಕೊಂಡೆ. ಚೀಲದಿಂದ ಪುಸ್ತಕ ತೆಗೆದೆ. ಹದಿನಾಲ್ಕನೆಯದರ ಎದುರು ಟಿಕ್ ಇತ್ತು. ನನ್ನದೇ ಕೈ, ನನ್ನದೇ ಶಾಯಿ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕೊನೆಗೌಡ ಹಗ್ಗದ ತುದಿಯನ್ನು ಬಳೆಗೆ ಸುತ್ತಿದ್ದು ನನ್ನ ಕಣ್ಣ ಮುಂದೆ ಬರಲಿಲ್ಲ. ತಂತಿಯ ತುಂಡನ್ನು ಮೇಲಕ್ಕೆ ಕೊಟ್ಟದ್ದೂ ನೆನಪಿಲ್ಲ. ಚೀಲದ ಪಕ್ಕದ ಜೇಬಿಗೆ ಕೈ ಹಾಕಿದೆ. ತಂತಿ ಅಲ್ಲೇ ಇತ್ತು, ಬೆಳಿಗ್ಗೆ ಕತ್ತರಿಸಿಟ್ಟ ಹಾಗೇ ಸುರುಳಿಯಾಗಿ.

ಅಷ್ಟರಲ್ಲಿ ಮೇಷ್ಟ್ರು ದೋಟಿಯಲ್ಲಿ ಕೊನೆಯನ್ನು ಮತ್ತೆ ಮೇಲಕ್ಕೆತ್ತಿಕೊಟ್ಟಿದ್ದರು. ಮುಂದಿನ ಸರದಿ ಆರನೇ ತರಗತಿಯ ಹುಡುಗಿಯದು, ಎರಡು ಜಡೆ, ಹಲ್ಲು ಕಚ್ಚಿ ಹಗ್ಗ ಹಿಡಿದು ನಿಂತಿದ್ದಳು. ಗೆರೆಯ ಒಳಗೆ ಇನ್ನೂ ನಾಲ್ಕೈದು ಮಕ್ಕಳು ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಕೊನೆಗೌಡ ಕೊಕ್ಕೆಯನ್ನು ಹಗ್ಗಕ್ಕೆ ತೊಡಿಸುತ್ತಿದ್ದ. ಕೈ ತನ್ನ ಅಭ್ಯಾಸದಂತೆ, ಹಬ್ಬಕ್ಕೆಂದು ಕೊರಳಿಗೆ ಹಾಕಿಕೊಂಡಿದ್ದ ಹಳೆಯ ಸೀಟಿಗೆ ಹೋಯಿತು. ಊದಿದೆ.

ಉದ್ದವಾದ ಒಂದು ಸೀಟಿಗೆ ಈ ಮೈದಾನದಲ್ಲಿ ಒಂದೇ ಅರ್ಥ: ನಿಂತಲ್ಲೇ ನಿಲ್ಲು. ನಲವತ್ತು ದಾಟಿದ ಗಂಡಸರು, ತಲೆ ಹಣ್ಣಾದ ಹೆಂಗಸರು, ಕೈಯಲ್ಲಿ ಕಬ್ಬಿನ ಹಾಲಿನ ಲೋಟ ಹಿಡಿದವರು ಎಲ್ಲ ನಿಂತಲ್ಲೇ ಕಲ್ಲಾದರು. ನಿಲ್ಲದವರು ಮಕ್ಕಳು. ಅವರಿಗೆ ನಾನು ಕಲಿಸಿಲ್ಲ. ನಾನು ಬೇಲಿ ದಾಟಿ ಓಡಿದೆ. ಎಪ್ಪತ್ತೊಂದರ ಮಂಡಿಯಲ್ಲಿ ಅದನ್ನು ಓಟ ಎನ್ನಬಹುದಾದರೆ. ಗೆರೆಯೊಳಗಿನ ಮಕ್ಕಳನ್ನು ಕೈಗೆ ಸಿಕ್ಕ ಕಡೆ ಹಿಡಿದು ಹೊರಗೆ ತಳ್ಳಿದೆ. ಜಡೆಯ ಹುಡುಗಿಯ ಕೈಯಿಂದ ಹಗ್ಗ ತೆಗೆದುಕೊಂಡೆ. ಅಲುಗಿಸದೆ, ಸಡಿಲ ಬಿಡದೆ, ಎರಡೂ ಕೈಯಲ್ಲಿ ಬಿಗಿ ಹಿಡಿದೆ.

"ಕೊಕ್ಕೆ ತೆಗಿ" ಎಂದೆ. "ಗಂಟು ನೋಡು."

ಅವನು ಕಂಬದ ಆಚೆಗೆ ಬಗ್ಗಿದ. ಎಷ್ಟು ಹೊತ್ತು ಬಗ್ಗಿದ್ದನೋ ತಿಳಿಯದು. ನೇರವಾದಾಗ ಅವನ ಮುಖದಲ್ಲಿ ಮತ್ತೆ ಎಪ್ಪತ್ತೊಂದು ವರ್ಷವಿತ್ತು.

"ಮೂರು ಸುರುಳೀಲಿ ಎರಡು ಹೋಗ್ಯದೆ ಅಕ್ಕೋರೆ. ಒಂದೇ ಉಳದದ್ದು."

"ಕಾವಲು ಗಂಟು?"

"ಹಾಕಿಲ್ಲ. ಹಾಲು ಕುಡದು ಬಂದು ಹಾಕ್ವ ಅಂದ್ಕಂಡಿದ್ದೆ. ಬಂದು ನೋಡ್ರೆ ನಿಮ್ಮ ಪುಸ್ತಕದಾಗೆ ಗೀಟು ಬಿದ್ದಿತ್ತು. ನೀವೇ ಮೇಷ್ಟ್ರ ಕೈಲಿ ಹಾಕ್ಸಿದ್ರೇನೋ ಅಂದ್ಕಂಡೆ. ನಿಮ್ಮ ಗೀಟಿನ ಮ್ಯಾಲೆ ನಾ ಎಂತ ನೋಡೂದು?"

ಗೀಟು ಬಿದ್ದದ್ದು ಯಾವಾಗ ಎಂದು ಆಗ ಹೊಳೆಯಿತು. "ಈಗ ಕಾವಲು ಗಂಟು" ಎಂದು ಬಾಯಲ್ಲಿ ಹೇಳುತ್ತಿರುವಾಗಲೇ ಕೈ ಟಿಕ್ ಹಾಕಿತ್ತು. ಹೇಳಿದರೆ ಆದಂತೆ. ಪಾಠದ ಟಿಪ್ಪಣಿ ಮೊದಲು, ಪಾಠ ಆಮೇಲೆ. ಕೆಂಪು ಶಾಯಿಯ ಮೊದಲ ಪುಟ ಅದೇ ಪುಸ್ತಕದಲ್ಲಿತ್ತು. ಐವತ್ತಕ್ಕಿಂತ ಹೆಚ್ಚು ಜನ ಆ ಗಂಟಿನ ಕೆಳಗೆ ನಿಂತು ಹೋಗಿದ್ದರು.

ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಟೀಚರ, ಹತ್ತು ನಿಮಿಷ ಬಿಡುವು ಅಂತ ಹೇಳಿಬಿಡ್ತೀನ್ರಿ. ಮಂದಿಗೇನು ಗೊತ್ತಾಗೂದಿಲ್ಲ."

ಆ ಮಾತಿಗೆ ನನಗೆ ಆಸೆಯಾಯಿತು. ಅದನ್ನು ಬಚ್ಚಿಡುವುದಿಲ್ಲ. ಹತ್ತು ನಿಮಿಷ, ಒಂದು ತುಂಡು ತಂತಿ, ಮುಗಿಯಿತು. ಕಂಬ ಬಿದ್ದ ದಿನವೂ ಹೀಗೆಯೇ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದ್ದೆ. ಆ ಹುಡುಗಿ ಈ ಹಬ್ಬಕ್ಕೆ ಬಂದಿರಲಿಲ್ಲ. ಬಂದಿದ್ದರೆ ಹೇಳಲು ಧೈರ್ಯ ಬರುತ್ತಿತ್ತೋ ಇಲ್ಲವೋ.

"ಬೇಡ. ಇದ್ದದ್ದನ್ನು ಹೇಳಿ" ಎಂದೆ. ಆಮೇಲೆ ನಾನೇ ಹೇಳಿದೆ. ಹಗ್ಗ ಹಿಡಿದುಕೊಂಡೇ ಹೇಳಿದೆ. "ಮೇಲಿನ ಗಂಟು ಬಿಚ್ಚುತ್ತಾ ಬಂದಿದೆ. ಇನ್ನೊಂದು ಗಂಟು ಹಾಕಬೇಕಿತ್ತು, ಹಾಕಿಲ್ಲ. ಹಾಕಿದೆ ಎಂದು ನೋಡದೆ ಬರೆದವಳು ನಾನು. ಇವರಿಬ್ಬರ ತಪ್ಪಲ್ಲ. ಈಗ ಸರಿಮಾಡುತ್ತೇವೆ. ಮಕ್ಕಳನ್ನು ಹತ್ತಿರ ಕರೆದುಕೊಳ್ಳಿ."

ತಾಯಂದಿರು ಮಕ್ಕಳನ್ನು ಸೆರಗಿಗೆ ಎಳೆದುಕೊಂಡರು. ಯಾರೋ "ಅಯ್ಯೋ ದೇವರೇ" ಎಂದರು. ಸಾಲಿನಲ್ಲಿ ಅರ್ಧದಷ್ಟು ಜನ ಗಾಣದ ಕಡೆ ಹೋದರು. ಸಿದ್ದಾಪುರದ ಅಂಗಡಿಯವನು ಹಿಂದಿನಿಂದ, "ಟೀಚರ್, ಬೂಟಿನ ಲೇಸಿಗೆ ಎರಡು ಗಂಟಿಲ್ಲ ಅಂತ ನನ್ನ ಮೈದಾನದ ಸುತ್ತ ಓಡಿಸಿದ್ರಿ. ಈಗ ನೀವು ಎಷ್ಟು ಸುತ್ತು?" ಎಂದ. ಕೆಲವರು ನಕ್ಕರು. ನಗದವರೂ ಇದ್ದರು. ನಾದಿನಿ ಅವನತ್ತ ತಿರುಗಿ, "ನೀ ಬಾಯಿ ಮುಚ್ಚಾ ಮಾರಾಯ, ಅವಳ ಕಾಲು ನಡುಗ್ತಾ ಇದ್ದು, ಕಾಣ್ತಿಲ್ಯಾ?" ಎಂದಳು.

ತಂತಿಯನ್ನು ದೋಟಿಯ ತುದಿಗೆ ಸಿಕ್ಕಿಸಿ ಮೇಲೆ ಕಳಿಸಿದೆವು. ಕೊನೆಗೌಡ ಹಳೆಯ ಗಂಟು ಬಿಚ್ಚಿ ಮತ್ತೆ ಮೂರು ಸುರುಳಿ ಕಟ್ಟಿದ. "ಏನು ಮಾಡುತ್ತೀಯೋ ಕೂಗಿ ಹೇಳು" ಎಂದೆ. ಅವನು ಮಗ್ಗಿ ಒಪ್ಪಿಸುವವನಂತೆ ಕೂಗಿದ: "ಒಂದು ಸುತ್ತು... ಎರಡು ಸುತ್ತು... ತಂತಿ ಹಾಕ್ತೆ... ತಿರುವಿದೆ... ಕಚ್ಚಿತು." ಪುಸ್ತಕ ಚೀಲದಲ್ಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಮೇಷ್ಟ್ರನ್ನು ಏಣಿ ಹತ್ತಿಸಿ ಆ ಗಂಟನ್ನು ಇನ್ನೊಬ್ಬರ ಕಣ್ಣಿಂದಲೂ ನೋಡಿಸಿದೆ. ಆಮೇಲೆ ಹಗ್ಗ ಸಡಿಲ ಬಿಟ್ಟು ಇಪ್ಪತ್ತು ಸಲ ಝಾಡಿಸಿದೆ. ರಿಬ್ಬನ್ ಬಳೆ ಬಿಟ್ಟು ಅಲುಗಲಿಲ್ಲ.

"ಮೊದಲು ನನಗೆ ಬಿಡು" ಎಂದೆ.

ಗೋಣಿಯ ಕೊಕ್ಕೆ ಹಗ್ಗಕ್ಕೆ ಬಿದ್ದ ಸದ್ದು ಕೇಳಿತು. ನೆತ್ತಿಯ ಮೇಲೆ ಮೂರು ಕಿಲೋ. ಅಷ್ಟು ಹೊತ್ತು ಬೇರೆಯವರ ಮಕ್ಕಳ ತಲೆಗಾಗಿ ಹೆದರಿದ್ದೆ. ಈಗ ನನ್ನ ತಲೆಯ ಹೆದರಿಕೆ ಬೇರೆಯೇ ಆಗಿತ್ತು. "ಹೋ!" ಎಂದ. ಕಣ್ಣು ಮುಚ್ಚಿದೆ. ಗೇಣು ಬಿಟ್ಟುಕೊಡುವುದು ಮರೆತೇಹೋಯಿತು. ಕೊನೆ ಎದೆಗೆ ಬಂದು ಬಡಿದು ಉಸಿರು ಹೊರಟುಹೋಯಿತು. ಆದರೂ ಬಿಡಲಿಲ್ಲ, ಎರಡೂ ತೋಳಲ್ಲಿ ತಬ್ಬಿ ಹಿಡಿದಿದ್ದೆ. ಎದೆಯ ಮೇಲಿನ ನೀಲಿ ಗುರುತು ಮಾಯಲು ಎರಡು ವಾರ ಬೇಕಾಯಿತು.

ಜಡೆಯ ಹುಡುಗಿ ಹೋಗಿರಲಿಲ್ಲ. ತಾಯಿಯ ಕೈ ಬಿಡಿಸಿಕೊಂಡು ಗೆರೆಯ ಹೊರಗೆ ಸರಿಯಾಗಿ ನಿಂತು, "ಈಗ ನನ್ನ ಪಾಳಿ ಅಲ್ವಾ?" ಎಂದಳು. ತಾಯಿ ನನ್ನ ಮುಖ ನೋಡಿದರು. ಅವರು ಒಮ್ಮೆ ಮೇಲೆ ನೋಡಿ ತಲೆಯಾಡಿಸಿದರು. ಹುಡುಗಿ ಹಿಡಿದಳು. ನಾನು ರಿಬ್ಬನ್ ನೋಡುತ್ತಿದ್ದೆ.

ಆರು ಗಂಟೆಯವರೆಗೆ ಆಟ ನಡೆಯಿತು. ಅಷ್ಟೂ ಹೊತ್ತು ನಾನು ಕಂಬದ ಬುಡದಲ್ಲಿ ಕತ್ತು ಮೇಲೆತ್ತಿ ನಿಂತಿದ್ದೆ. ಹೆದರಿಕೆ ಹೋಗಲಿಲ್ಲ. ಹೋಗುವುದು ನನಗೂ ಬೇಕಿರಲಿಲ್ಲ. ಇನ್ನೂ ಬೆಳಕಿರುವಾಗಲೇ ಬಿಚ್ಚಲು ತೊಡಗಿದೆವು. ಕೊನೆಗೌಡ ಅಭ್ಯಾಸದಂತೆ ಕೆಳಗೆ ಬಂದು ಹಗ್ಗ ಹಿಡಿದು ಝಾಡಿಸಿದ. ಬರಲಿಲ್ಲ. "ಥೋ, ನಿಮ್ಮ ಕಾವಲು!" ಎಂದು ಬೈಯುತ್ತ ಮತ್ತೆ ಏಣಿ ಹತ್ತಿ ತಂತಿ ಬಿಚ್ಚಿದ. ಬೈಗುಳದಲ್ಲಿ ಇನ್ನೊಮ್ಮೆ ಹತ್ತಲು ಸಿಕ್ಕ ಸಂತೋಷವೂ ಇತ್ತು. ಕಂಬ ಇಳಿಸಿದೆವು. ಮೇಷ್ಟ್ರು ದಬ್ಬೆಗಳನ್ನು ಗೋಡೆಗೆ ಒರಗಿಸಿ ಬೈಕು ಹತ್ತಿದರು. ನಾದಿನಿ ಕಬ್ಬಿನ ಹಾಲಿನ ಬಾಟಲಿ ಹಿಡಿದು ಗೇಟಿನ ಬಳಿ ಬಸ್ಸು ಕಾಯುತ್ತಿದ್ದಳು.

ಹತ್ತೊಂಬತ್ತನೇ ಕೆಲಸ ಕಂಬದ ಗುಂಡಿ ಮುಚ್ಚುವುದು. ಸೋಮವಾರ ಬೆಳಿಗ್ಗೆ ಮಕ್ಕಳು ಅಲ್ಲಿ ಓಡುತ್ತಾರೆ. ಕೊನೆಗೌಡ ಮಣ್ಣು ಎಳೆದ, ನಾನು ತುಳಿದೆ. ಮತ್ತೆ ಎಳೆದ, ಮತ್ತೆ ತುಳಿದೆ. ಹಿಮ್ಮಡಿ ಊರಿ ಸುತ್ತಲೂ ಒತ್ತಿ ನೋಡಿದೆ. ಎಲ್ಲೂ ಕುಸಿಯಲಿಲ್ಲ. ಅವನನ್ನೂ ಒಮ್ಮೆ ಅದರ ಮೇಲೆ ನಡೆಸಿದೆ. ಆಮೇಲೆ ಪುಸ್ತಕ ತೆಗೆದು, ಹದಿನಾಲ್ಕನೆಯದರ ಎದುರಿನ ಟಿಕ್ಕನ್ನು ಹೊಡೆದುಹಾಕಿ, ಪಕ್ಕದಲ್ಲಿ "ನಾಲ್ಕೂ ಐವತ್ತಕ್ಕೆ ಆಯಿತು" ಎಂದು ಬರೆದೆ. ಕಡೆಗೆ ಹತ್ತೊಂಬತ್ತನೆಯದಕ್ಕೆ ಗುರುತು ಹಾಕಿದೆ.